ಕ್ಯಾಂಪಿನಲ್ಲಿ ಒಲೆ ಹೂಡಿದವರು

ಬಳ್ಳಾರಿ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ‘ಕ್ಯಾಂಪು’ ಎನ್ನುವುದು ಇಂಗ್ಲಿಷ್ ಶಬ್ದವೆಂದು ಅನಿಸುವುದೇ ಇಲ್ಲ. ಚೊಂಬು, ಚಾಪೆ, ಕಂದೀಲುಗಳ ಹಾಗೆ ಅದೂ ನಮ್ಮ ಮನೆಯದೇ. ಸಿರುಗುಪ್ಪದ ಬಸ್ಸು ಹತ್ತಿ ಕುಳಿತರೆ ಕಂಡಕ್ಟರು ಕೂಗುವ ಹಲವು ಊರುಗಳ ಬಾಲಕ್ಕೆ ಕ್ಯಾಂಪು ಅಂಟಿಕೊಂಡಿರುತ್ತದೆ. ಇನ್ನು ಸರ್ಕಾರಿ ನೌಕರರ ಮನೆಗಳಲ್ಲಂತೂ ಅದು ದಿನ ಬೆಳಗಾದರೆ ಬರುವ ಮಾತು. “ಯಜಮಾನರು ಅದಾರೇನ್ರಿ?” ಎಂದು ಯಾರಾದರೂ ಬಾಗಿಲಲ್ಲಿ ನಿಂತರೆ, “ಇಲ್ರಿ, ಕ್ಯಾಂಪಿಗೆ ಹೋಗ್ಯಾರ” ಎಂದರೆ ಮುಗಿಯಿತು. ಸಾಲ ಕೇಳಲು ಬಂದವರೂ, ಊಟಕ್ಕೆ ಬಂದ ದೂರದ ನೆಂಟರೂ ಆ ಒಂದು ಮಾತಿಗೆ ಹಿಂದಿರುಗಿ ಹೋಗುತ್ತಿದ್ದರು.

ನಮ್ಮಪ್ಪ ಸರ್ವೇಯರ್ ಆಗಿದ್ದರು. ತಿಂಗಳಲ್ಲಿ ಇಪ್ಪತ್ತು ದಿನ ಹೊಲ ಗದ್ದೆಗಳಲ್ಲೇ ಅವರ ವಾಸ. ನಾವು ಮಕ್ಕಳು ಶಾಲೆಗೆ ಸೇರುವವರೆಗೆ ಅವ್ವನೂ ಅವರ ಹಿಂದೆಯೇ ಊರೂರು ತಿರುಗಿದಳು. ಆದ್ದರಿಂದ ನನಗೆ ಕ್ಯಾಂಪೆಂದರೆ ಬರೀ ಗಂಡಸರು ಹೋಗಿಬರುವ ಜಾಗವಲ್ಲ. ಮೂರು ಕಲ್ಲಿಟ್ಟು ಒಲೆ ಹೂಡಿ, ನಾಲ್ಕು ದಿನ ಸಂಸಾರ ಮಾಡಿ, ಐದನೆಯ ದಿನ ಬೂದಿ ಬಳಿದು ಹಾಕಿ ಮುಂದೆ ಹೋಗುವ ಜಾಗ.

ಈ ಮಾತೆಲ್ಲ ಈಗ ಏಕೆ ನೆನಪಾಯಿತೆಂದರೆ, ಅಮೆರಿಕದಲ್ಲಿರುವ ನನ್ನ ಮಗಳ ಮಗಳಿಗೆ ಶಾಲೆಯಲ್ಲಿ ಒಂದು ಪಾಠ ಕೊಟ್ಟಿದ್ದರು. ಆ ದೇಶದ ಪಶ್ಚಿಮ ಭಾಗವನ್ನು ಹುಡುಕಿಕೊಂಡು ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಇಬ್ಬರು ಸೇನಾಧಿಕಾರಿಗಳ ತಂಡದಲ್ಲಿ ನೀನೂ ಇದ್ದೀ ಎಂದುಕೊಂಡು ಒಂದು ದಿನದ ಡೈರಿ ಬರೆದು ತಾ, ಎಂದು. ಹುಡುಗಿ ಫೋನು ಮಾಡಿ, “ಅಜ್ಜಿ, ಅವರು ಬೆಳಗ್ಗೆ ಎದ್ದು ಏನು ತಿಂತಿದ್ರು?” ಎಂದು ಕೇಳಿದಳು. ಎಷ್ಟು ಬೆಟ್ಟ ಹತ್ತಿದರು, ಯಾವ ನದಿ ದಾಟಿದರು ಎಂದು ಅವಳು ಕೇಳಲಿಲ್ಲ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಇಂಥ ಬುದ್ಧಿ ಬರುತ್ತದೋ ಏನೋ!

ಅವಳ ನೆಪದಲ್ಲಿ ನಾನೂ ಓದಿದೆ. 1803ರಲ್ಲಿ ಅಮೆರಿಕ ಸರ್ಕಾರ ಫ್ರಾನ್ಸಿನಿಂದ ಲೂಸಿಯಾನ ಎಂಬ ದೊಡ್ಡ ಸೀಮೆಯನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡಿತು. ಕೊಂಡ ಮೇಲೆ ಅಲ್ಲಿ ಏನಿದೆ ನೋಡಬೇಕಲ್ಲ? ಅಧ್ಯಕ್ಷ ಜೆಫರ್ಸನ್ ಈ ತಂಡವನ್ನು ಕಳಿಸಿದ. 1804ರ ಮೇ ತಿಂಗಳಲ್ಲಿ ದೋಣಿ ಏರಿ ಮಿಸೌರಿ ನದಿಯ ಮೇಲ್ಮುಖವಾಗಿ ಹೊರಟವರು ಪೆಸಿಫಿಕ್ ಸಮುದ್ರ ಕಂಡು 1806ರ ಸೆಪ್ಟೆಂಬರಿನಲ್ಲಿ ಹಿಂದಿರುಗಿದರು. ಮಾರಿದವರೂ ಕೊಂಡವರೂ ಆ ನೆಲವನ್ನು ಕಂಡಿರಲಿಲ್ಲ. ಅಲ್ಲೇ ಬಾಳುತ್ತಿದ್ದ ಜನರನ್ನು ಯಾರೂ ಕೇಳಿರಲಿಲ್ಲ.

ಇದನ್ನು ಓದುವಾಗ ನನಗೆ ನಮ್ಮ ಬಳ್ಳಾರಿಯೇ ಕಣ್ಣ ಮುಂದೆ ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ಸೀಮೆಯೂ ಕಾಗದದ ಮೇಲೆ ಕೈ ಬದಲಾಯಿಸಿತ್ತು. ಟಿಪ್ಪುವಿನ ಜೊತೆಗಿನ ಯುದ್ಧಗಳಲ್ಲಿ ತನ್ನ ಪಾಲಿಗೆ ಬಂದ ನೆಲವನ್ನು ನಿಜಾಮನು 1800ರ ಅಕ್ಟೋಬರಿನಲ್ಲಿ ಕಂಪನಿಗೆ ಬಿಟ್ಟುಕೊಟ್ಟ, ಅದೂ ಕಂಪನಿಯ ದಂಡಿನ ಖರ್ಚಿಗೆಂದು. ಬಳ್ಳಾರಿ, ಅನಂತಪುರ, ಕಡಪ, ಎಲ್ಲವೂ ಸೇರಿ ‘ದತ್ತ ಮಂಡಲ’ವಾಯಿತು. ಸಿರುಗುಪ್ಪದಲ್ಲಿ ಭತ್ತ ಕುಟ್ಟುತ್ತಿದ್ದ ಹೆಂಗಸಿಗೆ, ಕುರುಗೋಡಿನ ಬಾವಿಯಲ್ಲಿ ನೀರು ಸೇದುತ್ತಿದ್ದವಳಿಗೆ ತಮ್ಮ ಊರು ದತ್ತು ಹೋದದ್ದು ಯಾವಾಗ ತಿಳಿಯಿತೋ!

ಅಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಬಂದ ಹಾಗೆ ಇಲ್ಲಿಗೆ ಥಾಮಸ್ ಮನ್ರೋ ಬಂದ. ಮಂತ್ರಾಲಯದಲ್ಲಿ ರಾಯರು ಈ ಮನ್ರೋ ಸಾಹೇಬನ ಜೊತೆ ಮಾತಾಡಿದರೆಂಬ ಕಥೆ ನಮ್ಮ ಕಡೆಯ ಎಲ್ಲ ಅಜ್ಜಿಯರಿಗೂ ಗೊತ್ತು. 1800ರಿಂದ 1807ರವರೆಗೆ ದತ್ತ ಮಂಡಲದ ಕಲೆಕ್ಟರನಾಗಿದ್ದ ಆತ ಹೆಚ್ಚುಕಡಿಮೆ ಅಷ್ಟೂ ಕಾಲ ಡೇರೆಯಲ್ಲೇ ಕಳೆದ. ಊರಿಂದ ಊರಿಗೆ ಕಚೇರಿಯೇ ನಡೆದುಹೋಗುತ್ತಿತ್ತು. 1802ರಲ್ಲಿ ಹೊಲಗಳ ಅಳತೆ ಸುರುವಾದಾಗ ಅಳೆಯಲು ಬರುತ್ತಿದ್ದವರು ಅವನ ಕಚೇರಿಯ ನಾಲ್ಕೇ ನಾಲ್ಕು ಮಂದಿ ಗುಮಾಸ್ತರು. ಅವರು ಮತ್ತೊಬ್ಬರಿಗೆ ಕಲಿಸಿ, ಅವರು ಮಗದೊಬ್ಬರಿಗೆ ಕಲಿಸಿ, ನೂರು ಮಂದಿಯ ಪಡೆಯಾಯಿತು. ಅವರ ಕೈಯಲ್ಲಿದ್ದದ್ದು 33 ಅಡಿಯ ಸರಪಳಿ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಆದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಮುಂದೆ ಮದರಾಸಿನವರ ಸೆಂಟು ನಮ್ಮಲ್ಲಿ ರೂಢಿಯಾಯಿತು. ಅಪ್ಪನ ಸರಪಳಿ ಇದರ ಎರಡರಷ್ಟು, 66 ಅಡಿಯದು. ಅದರ ಒಂದು ಚೌಕಕ್ಕೆ 10 ಸೆಂಟು ಎಂದು ನಮಗೆ ಮಗ್ಗಿಯ ಜೊತೆಗೇ ಹೇಳಿಕೊಟ್ಟಿದ್ದರು.

ಮೊಮ್ಮಗಳು ಅಲ್ಲಿನ ಡೈರಿ ಬರೆಯಲಿ, ನಾನು ಇಲ್ಲಿಯದನ್ನು ಊಹಿಸಿ ನೋಡುತ್ತೇನೆ ಎಂದುಕೊಂಡೆ. 1803ರ ಒಂದು ದಿನ, ಜಾಗ ಕುರುಗೋಡು. ಗುಡ್ಡದ ಮೇಲೆ ಹಳೆಯ ಕೋಟೆ, ಕೆಳಗೆ ದೊಡ್ಡ ಬಸಪ್ಪನ ಗುಡಿ, ಸುತ್ತ ಎರೆ ಹೊಲ. ನಸುಕಿಗೆ ಎದ್ದು ಗುಮಾಸ್ತರು ಸರಪಳಿ ಹಿಡಿದು ಹೊರಟಿದ್ದಾರೆ. ಎರೆ ನೆಲದ ಗುಣ ನಮಗೆ ಗೊತ್ತಲ್ಲ: ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಒಂದು ಮಳೆಯಾದರೆ ಪಾದಕ್ಕೆ ಸೇರು ಮಣ್ಣು. ಸರಪಳಿಯ ಕೊಂಡಿಗಳೊಳಗೆಲ್ಲ ಮಣ್ಣು ಮೆತ್ತಿ ಭಾರವಾಗಿರುತ್ತದೆ. ಹಿಂದೆ ಊರ ಶಾನುಭೋಗರು, ಗೌಡರು, ಹೊಲದ ಒಡೆಯ. ಅವನ ಹೆಂಡತಿ ಬುತ್ತಿ ತಂದವಳು ಬದುವಿನ ಮೇಲೆ ನಿಂತು ನೋಡುತ್ತಿದ್ದಾಳೆ. ಅಳೆದಷ್ಟೂ ತೆರಿಗೆ ಎಂಬುದು ಅವಳಿಗೆ ತಿಳಿದಿದೆ. ಆ ತೆರಿಗೆ ಹೆಚ್ಚಾಯಿತು, ನಾಲ್ಕರಲ್ಲೊಂದು ಪಾಲು ಇಳಿಸಬೇಕು ಎಂದು ಮನ್ರೋನೇ 1807ರಲ್ಲಿ ಮೇಲಕ್ಕೆ ಬರೆದ. ಆಗ ಅದು ನಡೆಯಲಿಲ್ಲ. ಮುಂದೆ ಅವನೇ ಮದರಾಸಿನ ಗವರ್ನರನಾಗಿ ಬರಬೇಕಾಯಿತು.

ಇಷ್ಟನ್ನು ಊಹಿಸಿ ಮುಂದೆ ಹೋಗಲು ನೋಡಿದರೆ ನನ್ನ ಡೈರಿ ನಿಂತುಹೋಯಿತು. ಆ ನೂರು ಮಂದಿಗೆ ಅನ್ನ ಬೇಯಿಸಿದವರು ಯಾರು? ಹಸಿ ಕಟ್ಟಿಗೆ ಊದಿದವರು ಯಾರು? ನೀರು ಎಷ್ಟು ದೂರದಿಂದ ಬಂತು? ಮನ್ರೋಗೆ ಆಗಿನ್ನೂ ಮದುವೆಯಾಗಿರಲಿಲ್ಲ; ಗುಮಾಸ್ತರ ಮನೆಯವರು ಊರಲ್ಲಿದ್ದರೋ ಗಾಡಿಯಲ್ಲಿದ್ದರೋ. ಎಕರೆ, ಗುಂಟೆ, ವರಹಗಳ ಲೆಕ್ಕವೆಲ್ಲ ಉಳಿದಿದೆ, ಒಲೆಯ ಲೆಕ್ಕ ಮಾತ್ರ ಇಲ್ಲ. ಸ್ವಲ್ಪ ವರ್ಷಗಳ ಬಳಿಕ ಇದೇ ಸೀಮೆಯನ್ನು ಅಳೆಸಿದ ಕಾಲಿನ್ ಮೆಕೆಂಜಿ ಊರೂರಿನ ಕಥೆಗಳನ್ನು ಶಾನುಭೋಗರಿಂದ ಬರೆಯಿಸಿಕೊಂಡ. ಕೈಫಿಯತ್ತು ಎನ್ನುತ್ತಾರೆ ಅದಕ್ಕೆ. ಕನ್ನಡದಲ್ಲಿರುವ ಅಂಥವನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿದೆ. ಅವುಗಳಲ್ಲಿ ಅರಸರಿದ್ದಾರೆ, ಪಾಳೆಯಗಾರರಿದ್ದಾರೆ, ಕೆರೆ ಕಟ್ಟಿಸಿದವರಿದ್ದಾರೆ. ಅಡಿಗೆ ಮಾಡಿದವಳು ಕೈಫಿಯತ್ತು ಹೇಳಿದ್ದನ್ನು ನಾನು ಕಾಣೆ.

ಅಮೆರಿಕದವರ ತಂಡದಲ್ಲಿ ಒಬ್ಬಳು ಹೆಂಗಸಿದ್ದಳು. ಹೆಸರು ಸಕಗಾವಿಯಾ. ಶೊಶೋನಿ ಎಂಬ ಮೂಲನಿವಾಸಿ ಬುಡಕಟ್ಟಿನವಳು. ಹತ್ತು ಹನ್ನೆರಡು ವರ್ಷದವಳಿದ್ದಾಗ ಶತ್ರು ಬಣದವರು ಹಿಡಿದೊಯ್ದು, ಕಡೆಗೆ ಶಾರ್ಬೊನೊ ಎಂಬ ಫ್ರೆಂಚ್ ವ್ಯಾಪಾರಿಯ ಕೈಗೆ ಬಿದ್ದವಳು. ತಂಡ ಸೇರಿದಾಗ ಹದಿನಾರು ಹದಿನೇಳರ ಪ್ರಾಯ. 1805ರ ಫೆಬ್ರವರಿ 11ರಂದು ಆ ಚಳಿಯ ಬಿಡಾರದಲ್ಲೇ ಗಂಡುಮಗು ಹೆತ್ತಳು. ಎರಡು ತಿಂಗಳೂ ತುಂಬದ ಬಾಣಂತಿ, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಸಮುದ್ರದವರೆಗೆ ನಡೆದಳು. ನಮ್ಮಲ್ಲಿ ಆ ಹೊತ್ತಿಗೆ ಬಾಣಂತಿಯನ್ನು ಗಾಳಿಗೂ ಬಿಡುವುದಿಲ್ಲ!

ಆ ತಂಡದಲ್ಲಿ ಬರೆಯುವವರಿಗೆ ಬರವಿರಲಿಲ್ಲ. ನಾಯಕರಿಬ್ಬರಲ್ಲದೆ ಕೆಳಗಿನವರೂ ಡೈರಿ ಇಟ್ಟಿದ್ದರು. ಮೊಮ್ಮಗಳ ಪ್ರಶ್ನೆಗೆ ಅಲ್ಲಿಂದಲೇ ಉತ್ತರ ಸಿಕ್ಕಿತು. ಬೇಟೆ ಸಿಕ್ಕ ದಿನ ಒಬ್ಬೊಬ್ಬನು ನಾಲ್ಕು ಕಿಲೋ ಮಾಂಸ ತಿನ್ನುತ್ತಿದ್ದನಂತೆ. ಸಿಗದ ದಿನ ಗೆಡ್ಡೆ ಗೆಣಸು, ಒಣಮೀನು. ಮೂಲನಿವಾಸಿಗಳಿಂದ ನಾಯಿಗಳನ್ನು ಕೊಂಡು ತಿಂದದ್ದೂ ಉಂಟು. ಸಮುದ್ರದ ದಂಡೆಯಲ್ಲಿ ಚಳಿಗಾಲ ಕಳೆಯುವಾಗ ಐವರು ತಿಂಗಳುಗಟ್ಟಲೆ ನೀರು ಕುದಿಸಿ ಉಪ್ಪು ಮಾಡಿದರು. ಕಾಡಿನ ಗೆಡ್ಡೆ ಎಲ್ಲಿದೆ ಎಂದು ಕೋಲಿನಿಂದ ಕೆದಕಿ ತೆಗೆಯುತ್ತಿದ್ದವಳು ಸಕಗಾವಿಯಾ. ದೋಣಿ ಮಗುಚುವ ಹಾಗಾದಾಗ ಗಂಡ ಚುಕ್ಕಾಣಿ ಬಿಟ್ಟು ಬೊಬ್ಬೆ ಹಾಕಿದರೆ, ತೇಲಿಹೋಗುತ್ತಿದ್ದ ಸಾಮಾನುಗಳನ್ನು ಒಂದೊಂದಾಗಿ ಹಿಡಿದಿಟ್ಟವಳೂ ಅವಳೇ. ಜೂನ್ ತಿಂಗಳ ಒಂದು ಮಳೆಗೆ ಹಳ್ಳದಲ್ಲಿ ದಿಢೀರನೆ ನೆರೆ ಬಂದು ಕೂಸಿನ ತೊಟ್ಟಿಲೂ ಬಟ್ಟೆಯೂ ಕೊಚ್ಚಿಹೋದವು. ಕೂಸು ತಾಯಿಯ ತೋಳಲ್ಲಿ ಉಳಿಯಿತು.

ನನಗೆ ಬಹಳ ಕಾಡಿದ್ದು ಇನ್ನೊಂದು ಸಂಗತಿ. ಸಮುದ್ರದ ಬಳಿ ನಾಯಕರು ನೀರುನಾಯಿಯ ಚರ್ಮದ ಒಂದು ಚೆಂದದ ನಿಲುವಂಗಿ ಕಂಡು ಆಸೆಪಟ್ಟರು. ಅದರ ಒಡೆಯ ನೀಲಿ ಮಣಿಯನ್ನಲ್ಲದೆ ಬೇರೇನನ್ನೂ ಒಲ್ಲೆನೆಂದ. ನೀಲಿ ಮಣಿಯ ಡಾಬು ಇದ್ದದ್ದು ಸಕಗಾವಿಯಾಳ ಸೊಂಟದಲ್ಲಿ. ಅದನ್ನು ಬಿಚ್ಚಿ ಕೊಟ್ಟಾಯಿತು. ಅವಳಿಗೆ ಬದಲಿಗೆ ಒಂದು ನೀಲಿ ಬಟ್ಟೆಯ ಕೋಟು ಸಿಕ್ಕಿತು. ಡೈರಿಯಲ್ಲಿ ಇಷ್ಟಿದೆ. ಬಿಚ್ಚುವಾಗ ಅವಳ ಮುಖ ಹೇಗಿತ್ತು ಎಂದಿಲ್ಲ. ಆಪತ್ತಿಗೆಂದು ಬಳೆ ಬಿಚ್ಚಿಕೊಟ್ಟ ನಮ್ಮಲ್ಲಿ ಯಾರಿಗಾದರೂ ಅದನ್ನು ಬರೆದು ಹೇಳಬೇಕಾಗಿಲ್ಲ, ಅಲ್ಲವೇ? ಪ್ರಯಾಣ ಮುಗಿದ ಮೇಲೆ ಗಂಡನಿಗೆ 500 ಡಾಲರು, 320 ಎಕರೆ ನೆಲ. ಅವಳಿಗೆ ಏನೂ ಇಲ್ಲ. ಸುಮಾರು 200 ವರ್ಷದ ಬಳಿಕ, 2000ನೇ ಇಸವಿಯಲ್ಲಿ, ಕೂಸು ಹೊತ್ತ ಅವಳ ಚಿತ್ರವನ್ನು ಒಂದು ಡಾಲರಿನ ನಾಣ್ಯದ ಮೇಲೆ ಹಾಕಿದರು.

ಅವ್ವನ ಕ್ಯಾಂಪುಗಳ ವಿಷಯವನ್ನು ಅವಳ ಬಾಯಿಂದ ಕೇಳಬೇಕು. ಈಗ ಅವಳಿಗೆ ಎಂಬತ್ತೆರಡು. ಎರಡು ಟ್ರಂಕು, ಒಂದು ಹೋಲ್ಡಾಲು, ಕಂದೀಲು, ರೊಟ್ಟಿ ಹಂಚು, ಜೋಳದ ಹಿಟ್ಟಿನ ಡಬ್ಬಿ, ಶೇಂಗಾ ಚಟ್ನಿಪುಡಿ, ಉಪ್ಪಿನ ಭರಣಿ. ಎತ್ತಿನ ಗಾಡಿಯಲ್ಲಿ ಇಷ್ಟು ಸಾಮಾನು, ಮೇಲೆ ಅಪ್ಪನ ಸರಪಳಿ, ಬಾವುಟದ ಕೋಲುಗಳು. ಚಾವಡಿ ಸಿಕ್ಕರೆ ಚಾವಡಿ, ಇಲ್ಲದಿದ್ದರೆ ಶಾಲೆಯ ಜಗಲಿ, ಅದೂ ಇಲ್ಲದಿದ್ದರೆ ಗುಡಿಯ ಪೌಳಿ. ಹಗರಿಯ ದಂಡೆಯಲ್ಲಿ ಉಸುಕು ತೋಡಿ ವರತಿ ನೀರು ತುಂಬಿಕೊಳ್ಳಬೇಕು. ಸಿರುಗುಪ್ಪದ ಕಡೆ ಹೊಳೆಯಾಚೆ ಕೆಲಸವಿದ್ದರೆ ಹರಿಗೋಲು. ಹಿಟ್ಟಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳಂತೆ.

“ಹೊಸಾ ಊರಿಗೆ ಹೋದ ಕೂಡಲೆ ಮೊದಲು ಏನು ನೋಡ್ತಿದ್ದೆ ಅವ್ವ?” ಎಂದು ಕೇಳಿದೆ.

“ನೀರಲ್ಲ, ಕಟ್ಟಿಗಿ ಅಲ್ಲ. ನಸುಕಿಗೆ ಹೆಣ್ಮಕ್ಕಳು ಹೊರಗ ಹೋಗೋ ಜಾಗ ಯಾವ ದಿಕ್ಕಿಗೈತಿ ಅಂತ ನೋಡ್ತಿದ್ದೆ” ಎಂದಳು.

ಗುಡಿಯ ಪೌಳಿಯಲ್ಲಿ ಇಳಿದಾಗ ಅವಳು ಹೊರಗಾದರೆ ಇನ್ನೊಂದು ಫಜೀತಿ. ಪೌಳಿಯೊಳಗೆ ಇರುವ ಹಾಗಿಲ್ಲ. ಮೂರು ರಾತ್ರಿ ಗಾಡಿಯಡಿ ಗೋಣಿ ಹಾಸಿ ಮಲಗುತ್ತಿದ್ದಳು. ಅಪ್ಪ ಆಗ ತಾವೇ ಅನ್ನ ಮಾಡಿ, ತಟ್ಟೆ ದೂರದಲ್ಲಿಟ್ಟು, ಗಾಡಿಯ ಇನ್ನೊಂದು ಪಕ್ಕ ಮಲಗುತ್ತಿದ್ದರಂತೆ. ಪ್ರಪಂಚದ ಅಷ್ಟೂ ಅನ್ವೇಷಕರ ಡೈರಿ ಹುಡುಕಿದರೂ ಈ ಮಾತು ಸಿಗಲಾರದು.

ಅದೇ ಕಾಲಕ್ಕೆ ಇನ್ನೊಂದು ಬಗೆಯ ಕ್ಯಾಂಪುಗಳೂ ಎದ್ದವು. 1953ರಲ್ಲಿ ತುಂಗಭದ್ರೆಯ ಕಾಲುವೆಗೆ ನೀರು ಬಂತು. ಕರಾವಳಿ ಆಂಧ್ರದ ರೈತರು ಅಲ್ಲಿ ಒಂದೆಕರೆ ಮಾರಿ ಇಲ್ಲಿ ಹತ್ತಾರು ಎಕರೆ ಕೊಂಡು ಬಂದು ಹೊಲದಲ್ಲೇ ಗುಡಿಸಲು ಹಾಕಿದರು. ಸಿರುಗುಪ್ಪದ ದಾರಿಯ ಒಂದು ಕ್ಯಾಂಪಿನ ಅಜ್ಜಿ ನನ್ನೊಂದಿಗೆ ತೆಲುಗಿನಲ್ಲಿ ಹೇಳಿದ್ದರು: ಬಂದ ಮೊದಲ ವರ್ಷ ಜಾಲಿಯ ಪೊದೆ ಕಡಿದದ್ದಕ್ಕಿಂತ ಹಾವು ಹೊಡೆದದ್ದೇ ಹೆಚ್ಚು, ಹೆರಿಗೆಗೆ ಸೂಲಗಿತ್ತಿಯನ್ನು ಕರೆತರಲು ಹೋದ ಗಾಡಿ ಎರೆಯಲ್ಲಿ ಹೂತು ಬೆಳಗಿನವರೆಗೆ ನಿಂತಿತ್ತು. ಇವತ್ತು ಆ ಕ್ಯಾಂಪಿನಲ್ಲಿ ತಾರಸಿ ಮನೆಗಳು, ಅಕ್ಕಿ ಗಿರಣಿಗಳು. ಆದರೆ ಅಂಥ ನೆಲ ಹಿಂದೆ ಬರಿದಾಗಿರಲಿಲ್ಲ. ಕಾಲುವೆಯ ಬೇಸಾಯಕ್ಕೆ ಬೇಕಾದ ದುಡ್ಡಿಲ್ಲದೆ ಅಗ್ಗಕ್ಕೆ ಮಾರಿದವರು ಇದೇ ಸೀಮೆಯ ಜೋಳದ ರೈತರು. ತಮ್ಮದಾಗಿದ್ದ ಹೊಲದಲ್ಲೇ ನಾಟಿ ಮಾಡಲು ಕೂಲಿಗೆ ಹೋದ ಹೆಂಗಸರನ್ನೂ ಅವ್ವ ಕಂಡಿದ್ದಾಳೆ. ಹೊಸ ನೆಲ ಎಂದು ಒಬ್ಬರು ಹೇಳುವಾಗ ಅದು ಇನ್ನೊಬ್ಬರ ಹಳೆಯ ನೆಲವಾಗಿರುತ್ತದೆ. ಮಿಸೌರಿಯಲ್ಲೂ ಹಾಗೇ, ಹಗರಿಯಲ್ಲೂ ಹಾಗೇ.

ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಅವರ ಕೆಲಸದ ಡೈರಿಗಳು ಸಿಕ್ಕವು. ಮುತ್ತಿನಂಥ ಅಕ್ಷರ. ಮೊಕ್ಕಾಂ ಇಂಥ ಊರು, ಇಂತಿಷ್ಟು ಸರ್ವೆ ನಂಬರು, ಇಂತಿಷ್ಟು ಕಲ್ಲು ನೆಡಿಸಿದ್ದು, ಮಳೆಯಿಂದ ಕೆಲಸ ನಿಂತದ್ದು. ಪುಟ ಪುಟ ತಿರುವಿದರೂ ಅವ್ವನ ಹೆಸರಿಲ್ಲ. 1961ರ ಒಂದು ದಿನಕ್ಕೆ ಮಾತ್ರ ಹೀಗೆ ಬರೆದಿದ್ದರು: “ಮೊಕ್ಕಾಂ ಕುರುಗೋಡು. ಅರ್ಧ ದಿನ ಅಳತೆ ಇಲ್ಲ. ಸ್ವಂತ ಕಾರಣ.”

ಏನದು ಸ್ವಂತ ಕಾರಣ ಎಂದು ಅವ್ವನನ್ನು ಕೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. ನನಗಿಂತ ಮೊದಲು ಒಂದು ಹೆಣ್ಣುಕೂಸು ಹುಟ್ಟಿತ್ತು. ಕ್ಯಾಂಪಿನಲ್ಲಿ ಜ್ವರ ಬಂತು. ಬಳ್ಳಾರಿಗೆ ಬರಬೇಕೆಂದು ಗಾಡಿ ಕಟ್ಟುವಷ್ಟರಲ್ಲಿ ಹೋಯಿತು. ಅವ್ವನಿಗೆ ಆಗ ಹದಿನೆಂಟು. ಗುಡ್ಡದ ಬುಡದಲ್ಲಿ ಬೇವಿನ ಮರದ ಹತ್ತಿರ ಮಣ್ಣು ಮಾಡಿದರು. ಮಧ್ಯಾಹ್ನ ಅಪ್ಪ ಸರಪಳಿ ತೆಗೆದುಕೊಂಡು ಹೊಲಕ್ಕೆ ಹೋದರು.

“ಅರ್ಧ ದಿನಾನಾ ಅವ್ವ?” ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

“ಅದು ಸರ್ಕಾರದ ಡೈರಿ ಅವ್ವ. ಅದರಾಗ ಮತ್ತೇನ್ ಬರೀತಾರ? ಅಷ್ಟಾದ್ರೂ ಬರದಾರಲ್ಲ” ಎಂದು, ಟ್ರಂಕಿನ ತಳದಿಂದ ಒಂದು ಸಣ್ಣ ಜೇಬುಪುಸ್ತಕ ತೆಗೆಸಿದಳು. ಅದರ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಒಂದು ನಕ್ಷೆ. ಎರಡು ಗಡಿಕಲ್ಲು, ಒಂದು ಮರ, ಅವುಗಳಿಂದ ಎಳೆದ ಗೆರೆಗಳು ಕೂಡುವಲ್ಲಿ ಒಂದು ಚುಕ್ಕಿ. ಗೆರೆಗಳ ಮೇಲೆ ಅಳತೆ ಬರೆದಿತ್ತು. ಸರ್ವೆ ನಂಬರಿರಲಿಲ್ಲ, ಹೆಸರೂ ಇರಲಿಲ್ಲ. ಆ ಮಧ್ಯಾಹ್ನ ಸರಪಳಿ ಹಿಡಿದು ಅವರು ಮೊದಲು ಹೋದದ್ದು ಎಲ್ಲಿಗೆ ಎಂದು ನನಗೆ ತಿಳಿಯಿತು.

“ಕುರುಗೋಡಿಗೆ ಹೋಗಿ ನೋಡೋಣೇನು? ಲೆಕ್ಕ ಎಲ್ಲಾ ಐತಲ್ಲ” ಎಂದೆ. ಕುರುಗೋಡು ಈಗ ತಾಲ್ಲೂಕು ಕೇಂದ್ರ, ಊರು ಬೆಳೆದಿದೆ.

“ಬ್ಯಾಡ ಬಿಡು. ಈಗ ಅಲ್ಲಿ ಯಾರದೋ ಮನಿ ಇರತೈತಿ. ಒಲಿ ಹೂಡಿಕೊಂಡಿರ್ತಾರ. ಚಲೋ ಇರಲಿ” ಎಂದಳು.

ಆ ದಿನದಿಂದ ಒಂದು ನೋಟುಬುಕ್ಕಿನಲ್ಲಿ ಅವಳು ಹೇಳಿದ್ದನ್ನೆಲ್ಲ ಬರೆಯುತ್ತಿದ್ದೇನೆ. ಯಾವ ಊರಿನ ಚಾವಡಿ ಸೋರುತ್ತಿತ್ತು, ಯಾವ ಗೌಡತಿ ಕರೆದು ಮಜ್ಜಿಗೆ ಕೊಟ್ಟಳು, ಯಾವ ಊರಲ್ಲಿ ನೀರು ಮುಟ್ಟಗೊಡಲಿಲ್ಲ, ಎಲ್ಲವೂ. ಈಗಾಗಲೇ ನೂರು ಪುಟ ದಾಟಿದೆ. ನಿಮ್ಮ ಮನೆಯಲ್ಲೂ ಇಂಥ ಅಜ್ಜಿಯೋ ಅತ್ತೆಯೋ ಇದ್ದರೆ ಕೇಳಿ ಬರೆದಿಡಿ. ಅಕ್ಷರ ಮುತ್ತಿನಂತಿಲ್ಲದಿದ್ದರೂ ನಡೆಯುತ್ತದೆ.

ಮೊನ್ನೆ ಸಂಜೆ ಸೊಪ್ಪು ಸೋಸುತ್ತಾ ಅವ್ವನಿಗೆ ಸಕಗಾವಿಯಾಳ ಕಥೆ ಪೂರ್ತಿ ಹೇಳಿದೆ. ನದಿ, ಹಿಮದ ಬೆಟ್ಟ, ಸಮುದ್ರ, ನೀಲಿ ಮಣಿಯ ಡಾಬು, ನಾಣ್ಯ. ಇಪ್ಪತ್ತೈದರ ಪ್ರಾಯಕ್ಕೇ ಅವಳು ಜ್ವರದಿಂದ ತೀರಿಕೊಂಡಳೆಂದು ಹೆಚ್ಚಿನ ಚರಿತ್ರೆಕಾರರು ಹೇಳುವುದನ್ನೂ ಹೇಳಿದೆ. ಅವ್ವ ಪುಂಡಿಸೊಪ್ಪಿನ ದಂಟು ಮುರಿಯುತ್ತ ಕೇಳಿಸಿಕೊಂಡಳು. ಸಮುದ್ರದ ಬಗ್ಗೆ ಅವಳಿಗೆ ಏನೂ ಕೇಳುವುದಿರಲಿಲ್ಲ.

“ಕೂಸು ಉಳೀತೇನು?” ಎಂದಳು.

“ಉಳೀತವ್ವ. ದೊಡ್ಡವನಾಗಿ ದೇಶ ತಿರುಗಿದ. ಅರವತ್ತೊಂದು ವರ್ಷ ಬದುಕಿದ.”

“ಹಂಗಾದ್ರ ಆತು ಬಿಡು” ಎಂದು ಅವ್ವ ಸೊಪ್ಪಿನ ಬುಟ್ಟಿಯನ್ನು ನನ್ನ ಕಡೆಗೆ ಸರಿಸಿದಳು.